ಮನೆಯಲ್ಲೇ ಥೀಮ್ ಕೇಕ್: ಎಡವುವುದು ಚಿತ್ರದಲ್ಲಲ್ಲ, ಕ್ರೀಮಿನಲ್ಲಿ

ಮನೆಯವರ ಹುಟ್ಟುಹಬ್ಬಕ್ಕೆ ಥೀಮ್ ಕೇಕ್ ಮಾಡಲು ಹೊರಟವರು ಮೊದಲು ಮೊಬೈಲಿನಲ್ಲಿ ಚಿತ್ರ ಹುಡುಕುತ್ತಾರೆ. ಮೂರು ಅಂತಸ್ತಿನ ಕೋಟೆ, ಮೇಲೊಬ್ಬಳು ರಾಜಕುಮಾರಿ, ಸುತ್ತ ಮೋಡ. ನಮ್ಮ ಓಣಿಯಲ್ಲಿ ಇಂಥ ಕೋಟೆಗಳು ಮೇಣದಬತ್ತಿ ಹಚ್ಚುವ ಮುಂಚೆಯೇ ಕುಸಿದದ್ದನ್ನು ಸಾಕಷ್ಟು ನೋಡಿದ್ದೇನೆ. ಮಾಡಿದವರ ಕೈ ಕೆಟ್ಟದ್ದೇನಲ್ಲ. ದೀಪಾವಳಿಗೆ ಅಂಗಳ ತುಂಬ ಚುಕ್ಕಿ ರಂಗೋಲಿ ಹಾಕುವವರೇ ಅವರು. ಕೈಕೊಡುವುದು ಕ್ರೀಮ್, ಅದೂ ಏಪ್ರಿಲ್, ಮೇ ತಿಂಗಳ ಹುಬ್ಬಳ್ಳಿಯ ಸೆಕೆಯಲ್ಲಿ.

ಮೊದಲು ಥೀಮ್. ಕೇಕ್ ಯಾರಿಗೋ ಅವರ ಬದುಕಿನಿಂದಲೇ ಎತ್ತಿಕೊಳ್ಳಿ. ರೈಲಿನ ಹುಚ್ಚಿರುವ ಹುಡುಗನಿಗೆ ಹುಬ್ಬಳ್ಳಿ ಜಂಕ್ಷನ್ನಿನ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ ಇದೆ: ಬ್ರೆಡ್ ಟಿನ್ನಿನಲ್ಲಿ ಬೇಯಿಸಿದ ಉದ್ದನೆಯ ಕೇಕ್, ಮೇಲೆ ಬಿಸ್ಕತ್ತಿನ ಬೋಗಿಗಳು. ಹಾವೇರಿ ಕಡೆಯ ಅಜ್ಜಿಗೆ ಬ್ಯಾಡಗಿ ಮೆಣಸಿನಕಾಯಿ ಮಾಡಿ. ಹೊಸಬರು ಹೊಸೆದ ಫಾಂಡೆಂಟಿನಲ್ಲಿ (ಕಣಕದಂತೆ ನಾದಿ ಆಕಾರ ಕೊಡುವ ಸಕ್ಕರೆ ಮುದ್ದೆ) ಹೇಗೂ ಸುಕ್ಕು ಬೀಳುತ್ತದೆ, ಬ್ಯಾಡಗಿ ಕಾಯಿಗೆ ಸುಕ್ಕೇ ಲಕ್ಷಣ. ಮನುಷ್ಯರ ಮುಖ ಮಾತ್ರ ಬೇಡವೇ ಬೇಡ. ಬಣ್ಣಗಳೂ ಮೂರು ದಾಟಬಾರದು.

ಇಲ್ಲಿ ಅವ್ವನ ಅರವತ್ತನೇ ಹುಟ್ಟುಹಬ್ಬಕ್ಕೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯ ಕೇಕನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ತೂಕ ಒಂದು ಕಿಲೋ, ಆಕಾರ ದುಂಡು.

ಸ್ಪಂಜನ್ನು ಹಿಂದಿನ ದಿನವೇ ಬೇಯಿಸಿ, ಪೂರ್ತಿ ಆರಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಫ್ರಿಜ್ಜಿನಲ್ಲಿಡಿ. ಮೊಟ್ಟೆಯಿಲ್ಲದ ಪ್ರೀಮಿಕ್ಸ್ ಬಳಸಿದರೂ ನನ್ನ ತಕರಾರಿಲ್ಲ.

ಈಗ ಕ್ರೀಮ್. ಅಂಗಡಿಯಲ್ಲಿ ‘ವಿಪ್ಪಿಂಗ್ ಕ್ರೀಮ್’ ಎಂದೇ ಕೇಳಿ. ಅಡುಗೆಗೆ ಹಾಕುವ ಫ್ರೆಶ್ ಕ್ರೀಮಿನಲ್ಲಿ ಕೊಬ್ಬಿನ ಅಂಶ ಶೇ 25ರ ಆಸುಪಾಸು ಇರುತ್ತದೆ. ಅದನ್ನು ಎಷ್ಟು ಬೀಟ್ ಮಾಡಿದರೂ ನಿಲ್ಲುವುದಿಲ್ಲ. ವಿಪ್ಪಿಂಗ್ ಕ್ರೀಮ್ 300 ಮಿಲಿಲೀಟರ್ ಸಾಕು, ಎರಡು ಮೂರು ಪಟ್ಟು ಉಬ್ಬುತ್ತದೆ. ಫ್ರೀಜರಿನಲ್ಲಿ ಕಲ್ಲಾಗಿರುವ ಪ್ಯಾಕೆಟ್ಟನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ. ಅವಸರಕ್ಕೆ ಬಿಸಿನೀರಿನಲ್ಲಿ ಅದ್ದುವವರಿದ್ದಾರೆ. ಅವರ ಕ್ರೀಮ್ ಸಂಜೆಯವರೆಗೂ ಮಜ್ಜಿಗೆಯಾಗಿಯೇ ಇರುತ್ತದೆ. ಬೆಳಿಗ್ಗೆ ಪ್ಯಾಕೆಟ್ ಅಲ್ಲಾಡಿಸಿದಾಗ ಒಳಗೆ ಇನ್ನೂ ಮಂಜಿನ ಚೂರುಗಳು ಸರಿದಾಡಬೇಕು. ಬೀಟ್ ಮಾಡಲು ಅದೇ ಹದ. ಆಳವಾದ ಸ್ಟೀಲ್ ಪಾತ್ರೆ ಮತ್ತು ಬೀಟರಿನ ಕಡ್ಡಿಗಳನ್ನು 20 ನಿಮಿಷ ಫ್ರೀಜರಿನಲ್ಲಿಡಿ. ಬೇಸಿಗೆಯಾದರೆ ಪಾತ್ರೆಯನ್ನು ಐಸ್ ತುಂಬಿದ ಪರಾತದಲ್ಲಿ ಕೂರಿಸಿ. ಫ್ಯಾನ್ ಹಾಕಿಕೊಳ್ಳಿ, ಒಲೆ ಹಚ್ಚಬೇಡಿ.

ಮೊದಲ ಒಂದೆರಡು ನಿಮಿಷ ನಿಧಾನ, ಆಮೇಲೆ ಮಧ್ಯಮ ವೇಗ. ಪೂರ್ತಿ ವೇಗಕ್ಕೆ ಹೋಗಲೇಬೇಡಿ. ಮೊದಲು ನೊರೆ ಬರುತ್ತದೆ, ನಂತರ ಬೀಟರ್ ಹೋದ ದಾರಿಯಲ್ಲಿ ಗೆರೆ ಮೂಡಿ ಮಾಯವಾಗುತ್ತದೆ. ಗೆರೆ ಮಾಯವಾಗದೆ ಉಳಿಯಲು ಶುರುವಾದ ಮೇಲೆ ಅರ್ಧ ನಿಮಿಷಕ್ಕೊಮ್ಮೆ ನಿಲ್ಲಿಸಿ ನೋಡಬೇಕು. ಬೀಟರ್ ಎತ್ತಿದಾಗ ತುದಿ ಗಿಳಿಯ ಕೊಕ್ಕಿನಂತೆ ಬಾಗಿದರೆ ಅದು ಸವರುವ ಹದ. ನೆಟ್ಟಗೆ ನಿಂತರೆ ಹೂ ಬಿಡುವ ಹದ. ಹೊಳಪು ಹೋಗಿ, ಸವರಿದಾಗ ಅಂಚು ಹರಿದು ತೂತು ಬಿದ್ದರೆ ಹದ ಮೀರಿತು ಎಂದೇ ಅರ್ಥ. ಎರಡು ಚಮಚ ದ್ರವ ಕ್ರೀಮನ್ನು ಮೊದಲೇ ಎತ್ತಿಡಿ ಎನ್ನುವುದು ಇದಕ್ಕೇ. ಅದನ್ನು ಸೇರಿಸಿ ಸ್ಪ್ಯಾಚುಲಾದಿಂದ ಕೈಯಲ್ಲೇ ಮಡಚುತ್ತಾ ಕಲಸಿದರೆ ಮತ್ತೆ ನುಣುಪಾಗುತ್ತದೆ. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ, ಪಾತ್ರೆ ಸಮೇತ ಫ್ರಿಜ್ಜಿಗೆ ಸೇರಿಸಿ. ಸಕ್ಕರೆ ಹಾಕುವ ಮುನ್ನ ರುಚಿ ನೋಡಿ. ಬಹುತೇಕ ಪ್ಯಾಕೆಟ್ಟುಗಳಲ್ಲಿ ಅದು ಮೊದಲೇ ಇರುತ್ತದೆ.

ಮಕ್ಕಳ ಕೇಕಿಗೆ ಬಣ್ಣದ ಕ್ರೀಮ್ ಬೇಕಿದ್ದರೆ ಕೊಕ್ಕು ಬಾಗುವ ಹದದಲ್ಲೇ ಬಣ್ಣ ಹಾಕಿ. ಕಲಸುವಾಗ ಕ್ರೀಮ್ ಇನ್ನಷ್ಟು ಗಟ್ಟಿಯಾಗುತ್ತದೆ ಎಂಬುದು ಲೆಕ್ಕದಲ್ಲಿರಲಿ. ಜೆಲ್ ಬಣ್ಣ ಮಾತ್ರ ಬಳಸಿ. ಸಣ್ಣ ಬಾಟಲಿಯ ನೀರಿನಂಥ ಬಣ್ಣ ಕ್ರೀಮನ್ನು ತೆಳುವಾಗಿಸುತ್ತದೆ, ಕೆಂಪು ಕೇಳಿದರೆ ಗುಲಾಬಿ ಕೊಡುತ್ತದೆ. ಕಪ್ಪು ಬಣ್ಣದ ಗೊಡವೆಗೆ ಹೋಗಬೇಡಿ. ನಿಜವಾದ ಕಪ್ಪು ಬರುವಷ್ಟು ಹಾಕಿದರೆ ಬಾಯಿ ಕಹಿ, ಫೋಟೋದಲ್ಲಿ ಎಲ್ಲರ ಹಲ್ಲೂ ನೀಲಿ.

ಅದಕ್ಕೇ ಚಂದ್ರಕಾಳಿಯ ಕಪ್ಪಿಗೆ ನಾನು ಹೇಳುವುದು ಡಾರ್ಕ್ ಚಾಕೊಲೇಟ್ ಗನಾಶ್. 400 ಗ್ರಾಂ ಡಾರ್ಕ್ ಕಾಂಪೌಂಡಿಗೆ, ಅಂದರೆ ಕೇಕಿಗೆ ಕರಗಿಸಿ ಬಳಸುವ ಚಾಕೊಲೇಟ್ ಗಟ್ಟಿಗೆ, 200 ಗ್ರಾಂ ಫ್ರೆಶ್ ಕ್ರೀಮ್. ಕ್ರೀಮ್ ಅಂಚಿನಲ್ಲಿ ಗುಳ್ಳೆ ಬರುವಷ್ಟು ಬಿಸಿಯಾದಾಗ ಚಾಕೊಲೇಟ್ ಚೂರುಗಳ ಮೇಲೆ ಸುರಿದು, ಎರಡು ನಿಮಿಷ ಬಿಟ್ಟು, ನಡುವಿನಿಂದ ಕಲಕಿ. ಪೂರ್ತಿ ಆರಿ ಗಟ್ಟಿಯಾಗಲಿ. ಸೆಕೆಗೂ ಇದು ಬೇಗ ಬಗ್ಗುವುದಿಲ್ಲ. ಕ್ರೀಮ್ ಕೇಕಿಗೆ ಫಾಂಡೆಂಟ್ ಹೊದಿಸುವುದು ಮಾತ್ರ ದುಡ್ಡು ದಂಡ: ಫ್ರಿಜ್ಜಿನಿಂದ ಹೊರಬಂದ ಸ್ವಲ್ಪ ಹೊತ್ತಿಗೇ ಬೆವರಿ ಜಾರುತ್ತದೆ.

ಸ್ಪಂಜನ್ನು ಮೂರು ಪದರ ಮಾಡಿ, ಸಕ್ಕರೆ ನೀರು ಚಿಮುಕಿಸಿ, ನಡುವೆ ಕ್ರೀಮ್ ಹಚ್ಚಿ. ಕ್ರೀಮ್ ಅಂಚಿನವರೆಗೂ ಬೇಡ. ಅಂಚಿಗೆ ಗನಾಶಿನ ಒಂದು ಬಳೆ ಬಿಟ್ಟರೆ ಒಳಗಿನದು ಹೊರಗೆ ಇಣುಕುವುದಿಲ್ಲ. ನಂತರ ಇಡೀ ಕೇಕಿಗೆ ಗನಾಶಿನ ತೆಳು ಪದರ ಸವರಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಈ ಅರ್ಧ ಗಂಟೆಯನ್ನು ಉಳಿಸಲು ಹೋದವರ ಕೇಕಿನ ಮೈಯೆಲ್ಲ ಪುಡಿ. ಎರಡನೇ ಪದರವನ್ನು ದಪ್ಪಗೆ ಹಚ್ಚಿ, ಬಿಸಿನೀರಿನಲ್ಲಿ ಅದ್ದಿ ಒರೆಸಿದ ಸ್ಟೀಲ್ ಸ್ಕೇಲಿನಿಂದ ನಯ ಮಾಡಿ.

ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸಿ ಹಾಕುತ್ತಾರೆ. ಕೇಕಿನ ಮೇಲೂ ಹಾಗೆಯೇ: ಸೆಂಟಿಮೀಟರಿಗೊಂದರಂತೆ ಟೂತ್‌ಪಿಕ್‌ನಿಂದ ಚುಕ್ಕಿ ಚುಚ್ಚಿ, ಎಣಿಸುತ್ತಾ ಸೇರಿಸಿ. ಕಸೂತಿಯ ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ಇರುವುದೆಲ್ಲ ನೇರ, ಅಡ್ಡ, ಓರೆ ಗೆರೆಗಳೇ. ಗೋಪುರ, ತೇರು ಸುಲಭ. ಆನೆಗೆ ಮೊದಲು ಕಾಗದದ ಮೇಲೆ ಕೈ ಪಳಗಿಸಿಕೊಳ್ಳಿ. ಗೆರೆಗೆ ಕರಗಿಸಿದ ವೈಟ್ ಕಾಂಪೌಂಡನ್ನು ಬಟರ್ ಪೇಪರಿನ ಕೋನಿಗೆ ತುಂಬಿ, ತುದಿಯನ್ನು ಸೂಜಿ ತೂರುವಷ್ಟೇ ಕತ್ತರಿಸಿ. ತೊಳೆದು ಒರೆಸಿದ ಹಾಲಿನ ಪ್ಯಾಕೆಟ್ಟೂ ಆದೀತು, ದಪ್ಪ ಗೆರೆಗೆ. ತಪ್ಪಿದ ಗೆರೆ ಗಟ್ಟಿಯಾದ ಮೇಲೆ ಟೂತ್‌ಪಿಕ್ ತುದಿಯಿಂದ ಎಬ್ಬಿಸಿದರೆ ಹಾಗೆಯೇ ಕಿತ್ತು ಬರುತ್ತದೆ. ಕೆಂಪು, ಹಸಿರು ಗೆರೆಗಳಿಗೆ ಜೆಲ್ ಬಣ್ಣ ಹಾಕಿದರೆ ಕಾಂಪೌಂಡ್ ಗಂಟುಕಟ್ಟುತ್ತದೆ. ಚಾಕೊಲೇಟಿಗೆಂದೇ ಸಿಗುವ ಎಣ್ಣೆ ಬಣ್ಣ ತನ್ನಿ. ಮಳೆಗಾಲದಲ್ಲಿ ಹೊರತೆಗೆದ ಕೇಕ್ ಬೆವರಿದರೆ ಒರೆಸಬೇಡಿ, ಫ್ಯಾನಿನ ಗಾಳಿಗೆ ಒಣಗಲು ಬಿಟ್ಟು ಆಮೇಲೆ ಗೆರೆ ಎಳೆಯಿರಿ.

ಜರಿಯ ಹೊಳಪಿಗೆಂದು ಮಿಂಚಿನ ಪುಡಿ ಕೊಳ್ಳುವಾಗ ಡಬ್ಬಿ ಓದಿ. ‘ವಿಷಕಾರಿಯಲ್ಲ’ ಎಂದಷ್ಟೇ ಬರೆದಿದ್ದರೆ ಅದು ತಿನ್ನುವ ವಸ್ತು ಎಂದಾಗುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಗುರುತು ಇಲ್ಲದ್ದನ್ನು ಅಲ್ಲೇ ಬಿಟ್ಟು ಬನ್ನಿ. ಬೆಳ್ಳಿ ಗುಂಡುಗಳನ್ನಂತೂ ಹಲ್ಲು ಸಡಿಲವಾದ ಹಿರಿಯರಿರುವ ಮನೆಗೆ ತರಲೇಬೇಡಿ.

ಕೇಕ್ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಬೇಕಿದ್ದರೆ ಸ್ಕೂಟರ್ ಬೇಡ. ಎ.ಸಿ. ಇರುವ ಚಿಗರಿ ಬಸ್ಸೇ ಮೇಲು, ಅದೂ ಜನ ಕಡಿಮೆ ಇರುವ ಮಧ್ಯಾಹ್ನ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರೆ ವಾಲುತ್ತದೆ. ಎರಡು ಪಾದಗಳ ನಡುವೆ ನೆಲಕ್ಕಿಡಿ, ಕೆಳಗೊಂದು ಒದ್ದೆ ಬಟ್ಟೆ ಹಾಸಿದರೆ ಬ್ರೇಕ್ ಹಾಕಿದಾಗ ಜಾರುವುದಿಲ್ಲ. ಮೇಣದಬತ್ತಿ ಚುಚ್ಚಲು ತೇರಿನ ಪಕ್ಕದಲ್ಲಿ ನಾಲ್ಕು ಬೆರಳು ಜಾಗವನ್ನು ಖಾಲಿ ಬಿಟ್ಟಿರಿ.