ರಾತ್ರಿ ಮಾತ್ರ ಕೆಡುವ ಸಿಸಿಟಿವಿ ಕ್ಯಾಮೆರಾ: ಹೊಸತು ತರುವ ಮೊದಲು ಇಷ್ಟು ನೋಡಿ

ಹಗಲಲ್ಲಿ ಗೇಟಿನ ಬೀಗವೂ ಸ್ಪಷ್ಟ ಕಾಣುತ್ತದೆ. ಕತ್ತಲಾದ ಕೂಡಲೇ ಅದೇ ಕ್ಯಾಮೆರಾದಲ್ಲಿ ಬರೀ ಗೆರೆ, ನಡುಗುವ ಚಿತ್ರ. ಉಡುಪಿಯ ನಮ್ಮ ಮನೆಯಲ್ಲಿ ಕಳೆದ ಮಳೆಗಾಲ ಹೀಗೇ ಆಯ್ತು. ನೋಡಲು ಬಂದವರು "ಕ್ಯಾಮೆರಾ ಹೋಗಿದೆ, ಹೊಸತು ಹಾಕಿ" ಅಂದರು. ನಿಜವಾಗಿ ಹೋಗಿದ್ದು ಕ್ಯಾಮೆರಾಕ್ಕೆ ಕರೆಂಟು ಕೊಡುವ ವೈರಿನ ತುದಿಯ ಪಿನ್ನು ಮಾತ್ರ. ಸುಮ್ನೆ ಸಾವಿರಾರು ರೂಪಾಯಿ ಕಳೆಯುವುದು ಬೇಡ ಅಲ್ವಾ?

ಕತ್ತಲಾದಾಗ ಕ್ಯಾಮೆರಾ ಒಳಗಿನ ಒಂದು ಫಿಲ್ಟರ್ ಪಕ್ಕಕ್ಕೆ ಸರಿಯುತ್ತದೆ. 'ಟಿಕ್' ಎಂಬ ಸದ್ದು ಅದರದ್ದೇ. ಜೊತೆಗೆ ಲೆನ್ಸಿನ ಸುತ್ತಲಿನ ಇನ್‌ಫ್ರಾರೆಡ್ (ನಮ್ಮ ಕಣ್ಣಿಗೆ ಹೆಚ್ಚಾಗಿ ಕಾಣದ ಬೆಳಕಿನ) ದೀಪಗಳು ಉರಿಯುತ್ತವೆ. ಹಾಗಾಗಿ ರಾತ್ರಿ ಮಾತ್ರ ಬರುವ ತೊಂದರೆಗೆ ಹೆಚ್ಚಾಗಿ ಕಾರಣ ಎರಡು: ಆ ಬೆಳಕು ಲೆನ್ಸಿಗೇ ವಾಪಸ್ ಬರುತ್ತಿರುತ್ತದೆ, ಇಲ್ಲವೇ ಆ ದೀಪಗಳಿಗೆ ಕರೆಂಟು ಸಾಲುತ್ತಿರುವುದಿಲ್ಲ.

ಚಿತ್ರ ಬಿಳಿ ಮಂಜಿನಂತಿದ್ದರೆ ಅದು ಬೆಳಕಿನ ತೊಂದರೆ. ಮೊದಲು ಜೇಡರ ಬಲೆ ನೋಡಿ. ಕ್ಯಾಮೆರಾ ಹತ್ತಿರ ಹುಳ ಬರುತ್ತದೆ, ಹುಳಕ್ಕೆ ಜೇಡ. ಒಂದೇ ಎಳೆ ಲೆನ್ಸಿನ ಮುಂದೆ ಹಗ್ಗದಷ್ಟು ದಪ್ಪ ಕಾಣುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿ, ಹುಳದ ಸ್ಪ್ರೇ ಮಾತ್ರ ಹೊಡೆಯಬೇಡಿ, ಪ್ಲಾಸ್ಟಿಕ್ ಗಾಜು ಮಸುಕಾಗಬಹುದು. ಆಮೇಲೆ ಸೂರು, ಮಳೆಗಾಲಕ್ಕೆ ಕಟ್ಟಿದ ಶೀಟು, ಪಕ್ಕದ ಬಿಳಿ ಗೋಡೆ ನೋಡಿ. ಹತ್ತಿರದ ವಸ್ತು ಜಾಸ್ತಿ ಹೊಳೆದರೆ ಕ್ಯಾಮೆರಾ ಅದಕ್ಕೆ ತಕ್ಕಂತೆ ಬೆಳಕು ತಗ್ಗಿಸುತ್ತದೆ, ಅಂಗಳ ಕತ್ತಲಾಗುತ್ತದೆ. ಕ್ಯಾಮೆರಾದ ಮುಖವನ್ನು ಸ್ವಲ್ಪ ಕೆಳಗೆ ಇಲ್ಲವೇ ಆಚೆ ತಿರುಗಿಸಿದರೆ ಸಾಕು. ಗಾಜಿನ ಒಳಗೇ ಹನಿ ಕಟ್ಟಿದ್ದರೆ ಬಿಸಿಲು ಬಂದ ದಿನ ಬಿಚ್ಚಿ ಒಣಗಿಸಿ, ರಬ್ಬರ್ ವಾಷರ್ ಸರಿಯಾಗಿ ಕೂರಿಸಿ.

ಗೆರೆ ಓಡುವುದು, ಚಿತ್ರ ನಡುಗುವುದು, ಕ್ಯಾಮೆರಾ ಆಫ್ ಆಗಿ ಮತ್ತೆ ಆನ್ ಆಗುವುದು ಇದ್ದರೆ ಕರೆಂಟಿನ ಕಡೆ ಅನುಮಾನ ಪಡಿ. ನಮ್ಮ ಕರಾವಳಿಯಲ್ಲಿ ನಾನು ಮೊದಲು ಕೈ ಹಾಕುವುದೇ ಇಲ್ಲಿಗೆ. ಮಲ್ಪೆ, ಪಣಂಬೂರು, ಉಳ್ಳಾಲದ ಉಪ್ಪು ಗಾಳಿಗೆ ಪಿನ್ನು ಹಸಿರು ಕಿಲುಬು ಹಿಡಿಯುತ್ತದೆ. ಹಗಲಿನ ಕಡಿಮೆ ಕರೆಂಟು ಹೇಗೋ ಹೋಗುತ್ತದೆ, ರಾತ್ರಿ ದೀಪ ಉರಿದಾಗ ವೋಲ್ಟೇಜ್ ಕುಸಿಯುತ್ತದೆ. ತುಂಬಾ ಉದ್ದದ ತೆಳು ವೈರಿನಲ್ಲೂ ಇದೇ ಕಥೆ.

ಇದನ್ನು ನೋಡಲು ರಾತ್ರಿಯವರೆಗೆ ಕಾಯಬೇಕಿಲ್ಲ. ಹಗಲಲ್ಲೇ ಕ್ಯಾಮೆರಾದ ಮುಖವನ್ನು ದಪ್ಪ ಕಪ್ಪು ಬಟ್ಟೆಯಿಂದ ಪೂರ್ತಿ ಮುಚ್ಚಿ. ಸ್ವಲ್ಪ ಹೊತ್ತಿಗೆ 'ಟಿಕ್' ಎಂದು ರಾತ್ರಿಯ ಮೋಡ್‌ಗೆ ಹೋಗುತ್ತದೆ. ಆಗ ಗೆರೆ ಬಂದರೆ ಕಳ್ಳ ಸಿಕ್ಕಿದ ಹಾಗೆ. 12 ವೋಲ್ಟಿನ ಕ್ಯಾಮೆರಾ ಆದರೆ ಮಲ್ಟಿಮೀಟರ್ ಇದ್ದವರು ಕ್ಯಾಮೆರಾ ಕಡೆಯ ವೈರಿನ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಮುಚ್ಚಿ 'ಟಿಕ್' ಅಂದ ಕೂಡಲೇ 11ಕ್ಕಿಂತ ಕೆಳಗಿಳಿದರೆ ಪಿನ್ನು, ವೈರು, ಅಡಾಪ್ಟರ್ ಮೂರನ್ನೂ ನೋಡಬೇಕು.

ಸ್ವಿಚ್ ಆಫ್ ಮಾಡಿ, ಅಡಾಪ್ಟರ್ ಕಿತ್ತ ಮೇಲೆಯೇ ಪಿನ್ನು ಮುಟ್ಟಿ. ಮಳೆ, ಗುಡುಗು ಇರುವಾಗ ಏಣಿ ಹತ್ತಲೇಬೇಡಿ. ಕಿಲುಬು ಹಿಡಿದ ಪಿನ್ನನ್ನು ಉಜ್ಜುವುದಕ್ಕಿಂತ ಕತ್ತರಿಸಿ ಹೊಸತು ಹಾಕುವುದು ಒಳ್ಳೆಯದು. ಜೋಡಣೆಯನ್ನು ಮುಚ್ಚಿದ ಬಾಕ್ಸಿನೊಳಗೆ ಇಡಿ. ವೈರು ಬಾಕ್ಸಿಗೆ ಹೋಗುವ ಮುನ್ನ ಕೆಳಗೆ ಜೋತು ಬಿದ್ದಿರಲಿ, ಆಗ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಸಿಟೌಟಿನ ಲೈಟು ಹಾಕಿದಾಗ ಮಾತ್ರ ಅಡ್ಡ ಪಟ್ಟಿ ಬಂದರೆ ಕ್ಯಾಮೆರಾದ ಸೆಟ್ಟಿಂಗಿನಲ್ಲಿ 60 ಹರ್ಟ್ಸ್ ಇರಬಹುದು. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಬದಲಿಸಿ. ವೈಫೈ ಕ್ಯಾಮೆರಾದಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದರೆ ಮೆಮೊರಿ ಕಾರ್ಡಿನ ರೆಕಾರ್ಡಿಂಗ್ ನೋಡಿ. ಅದು ಚೆನ್ನಾಗಿದ್ದರೆ ತೊಂದರೆ ನೆಟ್‌ವರ್ಕಿನದ್ದು. ಕೆಂಪುಕಲ್ಲಿನ ದಪ್ಪ ಗೋಡೆ ದಾಟಿ ಸಿಗ್ನಲ್ ಬರಬೇಕಲ್ವಾ, ರೂಟರನ್ನು ಹತ್ತಿರಕ್ಕೆ ತನ್ನಿ.

ಇಷ್ಟಾದರೂ ಸರಿಹೋಗದಿದ್ದರೆ ಚೆನ್ನಾಗಿರುವ ಇನ್ನೊಂದು ಅದೇ ಥರದ ಕ್ಯಾಮೆರಾವನ್ನು ಅದೇ ವೈರಿಗೆ ಸಿಕ್ಕಿಸಿ ಒಂದು ರಾತ್ರಿ ನೋಡಿ. ಅದರಲ್ಲೂ ಗೆರೆ ಬಂದರೆ ವೈರಿಂಗ್ ಬದಲಿಸಿ. ಬಾರದಿದ್ದರೆ ಮಾತ್ರ ಹೊಸ ಕ್ಯಾಮೆರಾ ತನ್ನಿ.