ಚಿಕ್ಕ ಮಕ್ಕಳೊಂದಿಗೆ ಮಯೋರ್ಕಾದಲ್ಲಿ ಹಾಯಿದೋಣಿ ಪ್ರವಾಸ: ಉಡುಪಿಯಿಂದ ಹೊರಡುವವರಿಗೆ

ಸ್ಪೇನಿನ ಮಯೋರ್ಕಾ ದ್ವೀಪದ ಕರಾವಳಿಯಲ್ಲಿ ಮಕ್ಕಳೊಂದಿಗೆ ಹಾಯಿದೋಣಿಯಲ್ಲಿ ಸುತ್ತಬೇಕೆಂದಿದ್ದರೆ ಮೊದಲು ನಕ್ಷೆಯನ್ನು ಮಡಚಿಡಿ. ಮನೆಯ ಅತಿ ಚಿಕ್ಕ ಮಗು ಎಷ್ಟು ಹೊತ್ತಿಗೆ ಉಣ್ಣುತ್ತದೆ, ಎಷ್ಟು ಹೊತ್ತಿಗೆ ಮಲಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ದಾರಿಯನ್ನು ಅದಕ್ಕೆ ಹೊಂದಿಸಿ. ನಾವು ಹೊರಟಾಗ ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಮಲ್ಪೆಯಲ್ಲಿ ಬಹುಕಾಲ ತಾಂಡೇಲರಾಗಿದ್ದ ನನ್ನ ಚಿಕ್ಕಪ್ಪ ನಮ್ಮ ಯೋಜನೆ ಕೇಳಿ, "ಮಗಳೇ, ದೊಡ್ಡವರು ಆರು ಗಂಟೆ ಓಡಿಸುವ ದಾರಿಯನ್ನು ಮಕ್ಕಳಿರುವಾಗ ಮೂರು ಗಂಟೆಗೆ ನಿಲ್ಲಿಸು" ಎಂದರು. ಬಾಡಿಗೆಗೆ ಸಿಗುವ ಮೂವತ್ತೆಂಟು ಅಡಿಯ ಹಾಯಿದೋಣಿ ಸಾಧಾರಣ ಗಾಳಿಗೆ ಗಂಟೆಗೆ ಐದು ನಾಟಿಕಲ್ ಮೈಲು ಹೋಗುತ್ತದೆ. ಮೂರು ಗಂಟೆಗೆ ಹದಿನೈದು ಮೈಲು, ಅಂದರೆ 28 ಕಿಲೋಮೀಟರ್. ದಿನಕ್ಕೆ ಅಷ್ಟು ಸಾಕು. ವಾರದಲ್ಲಿ ಒಂದು ದಿನ ದೋಣಿ ಕದಲಲೇಬಾರದು.

ಯಾವ ತಿಂಗಳು ಎಂಬ ಪ್ರಶ್ನೆಗೆ ನಮ್ಮ ಶಾಲೆಗಳ ರಜೆಯೇ ಉತ್ತರ. ಜುಲೈ, ಆಗಸ್ಟ್‌ನಲ್ಲಿ ಮೆಡಿಟರೇನಿಯನ್ ಬೆಚ್ಚಗಿರುತ್ತದೆ ನಿಜ, ಆದರೆ ಇಲ್ಲಿ ಶಾಲೆ ಶುರುವಾಗಿರುತ್ತದೆ, ಅಲ್ಲಿ ಬಾಡಿಗೆ ಏರಿರುತ್ತದೆ, ವಿಹಾರದೋಣಿಗಳು ನಿಲ್ಲುವ ಮರೀನಾಗಳು ತುಂಬಿರುತ್ತವೆ. ದಸರೆಯ ರಜೆಯ ಹೊತ್ತಿಗೆ ನೀರು ಇನ್ನೂ ಹಿತವಾಗಿದ್ದರೂ ಆ ಕರಾವಳಿಯಲ್ಲಿ ಶರತ್ಕಾಲದ ಬಿರುಮಳೆಯ ಕಾಲ ಅದು. ನನ್ನ ಆಯ್ಕೆ ಮೇ ತಿಂಗಳು. ಸಂಜೆ ಎಂಟೂವರೆಯಾದರೂ ಬೆಳಕಿರುತ್ತದೆ. ನೀರು ಮಾತ್ರ 18 ಡಿಗ್ರಿಯ ಆಸುಪಾಸು. ಮಲ್ಪೆಯ ಬೆಚ್ಚಗಿನ ಕಡಲಲ್ಲಿ ಆಡಿದ ಮಕ್ಕಳು ಅಲ್ಲಿ ಹತ್ತು ನಿಮಿಷಕ್ಕೆ ನಡುಗುತ್ತಾರೆ. ತೋಳು, ತೊಡೆ ಮುಚ್ಚುವ ರಬ್ಬರಿನ ಈಜುಡುಗೆಯನ್ನು ಮೊದಲೇ ಕೊಳ್ಳಿ.

ಸಿದ್ಧತೆ ಇಲ್ಲಿಯೇ ಆಗಬೇಕು. ಲೈಫ್ ಜಾಕೆಟನ್ನು ಮಗುವಿನ ತೂಕ ನೋಡಿ ಕೊಳ್ಳಿ, ವಯಸ್ಸು ನೋಡಿ ಅಲ್ಲ. ಎರಡು ಕಾಲುಗಳ ನಡುವೆ ಹಾದುಬರುವ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಜಾರಿ ಮುಖ ಮುಚ್ಚುತ್ತದೆ. ಕತ್ತಿನ ಹಿಂದೆ ತಲೆಗೆ ಆಸರೆ ಕೊಡುವ ದಪ್ಪ ಕಾಲರ್ ಇರಲಿ. ಉಡುಪಿಯವರು ಅಜ್ಜರಕಾಡಿನ ಈಜುಕೊಳದಲ್ಲಿ, ಮಂಗಳೂರಿನವರು ಮಂಗಳಾ ಈಜುಕೊಳದಲ್ಲಿ ಅನುಮತಿ ಕೇಳಿ ಜಾಕೆಟ್ ತೊಡಿಸಿ ಮಗುವನ್ನು ನೀರಿಗೆ ಇಳಿಸಿ. ಮಗು ತಾನಾಗಿ ಮುಖ ಮೇಲಾಗಿ ತೇಲಬೇಕು. ಬೋರಲಾದರೆ ಬೇರೆ ಜಾಕೆಟ್ ತನ್ನಿ. ದೋಣಿ ಬಾಡಿಗೆಗೆ ಕೊಡುವವರು ಮಕ್ಕಳ ಜಾಕೆಟ್ ಕೊಡುತ್ತೇವೆ ಎನ್ನುತ್ತಾರೆ, ಆದರೂ ಮಗುವಿಗೆ ಮೈಗೊಗ್ಗಿದ ಜಾಕೆಟ್ ಜೊತೆಗಿದ್ದರೆ ದಿನವಿಡೀ ತೊಡಲು ತಕರಾರು ಮಾಡುವುದಿಲ್ಲ. ಆಮೇಲೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬನ್ನಿ. ಸುಮಾರು ಆರು ಕಿಲೋಮೀಟರ್ ದೂರದ ಆ ದಾರಿಯಲ್ಲಿ ಯಾವ ಮಗುವಿಗೆ ಹೊಟ್ಟೆ ತೊಳೆಸುತ್ತದೆ, ಯಾವ ಮಗು ಅಂಚಿಗೆ ಓಡುತ್ತದೆ ಎಂದು ಗೊತ್ತಾಗುತ್ತದೆ. ಕೋಡಿಬೆಂಗ್ರೆಯ ಹಿನ್ನೀರಿನಲ್ಲಿ ಸಣ್ಣ ದೋಣಿ ಹತ್ತಿಸಿ, ದೋಣಿಯಲ್ಲಿ ಎದ್ದು ನಿಲ್ಲುವ ಮೊದಲು ಒಂದು ಕೈಯಲ್ಲಿ ಏನನ್ನಾದರೂ ಹಿಡಿದಿರಬೇಕು ಎಂಬ ಅಭ್ಯಾಸ ಮಾಡಿಸಿ.

ಕಾಗದಪತ್ರ ಬೇಗ ಮುಗಿಸುತ್ತೇನೆ. ಷೆಂಗೆನ್ ವೀಸಾಕ್ಕೆ ಬೆಂಗಳೂರಿನಲ್ಲಿ ಅರ್ಜಿ ಹಾಕಬೇಕು. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡರೊಳಗಿನವರಿಗೆ 45. ಆರು ತುಂಬದವರಿಗೆ ಶುಲ್ಕವಿಲ್ಲ, ಅರ್ಜಿ ಪಡೆಯುವ ಕೇಂದ್ರದ ಸೇವಾಶುಲ್ಕ ಬೇರೆ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು. ಆ ವಿಮೆಯ ಷರತ್ತುಗಳಲ್ಲಿ ಹಾಯಿದೋಣಿ ಪ್ರಯಾಣವನ್ನು ಹೊರಗಿಟ್ಟಿದ್ದಾರೆಯೇ ಎಂದು ಒಂದೊಂದು ಸಾಲನ್ನೂ ಓದಿ. ವಾಸದ ಪುರಾವೆಯಾಗಿ ದೋಣಿಯ ಬಾಡಿಗೆ ಒಪ್ಪಂದ ಮತ್ತು ಮೊದಲ, ಕೊನೆಯ ರಾತ್ರಿಯ ಹೋಟೆಲ್ ಕಾಯ್ದಿರಿಸಿದ ಪತ್ರ ಇಡಿ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಇರುವುದರಿಂದ ವಿಮಾನ ಹತ್ತಲು ಬೆಂಗಳೂರಿಗೆ ಹೋಗುವ ಗೋಜಿಲ್ಲ. ದುಬೈಯಿಂದ ಬಾರ್ಸಿಲೋನಾ, ಮುಂದೆ ಮಯೋರ್ಕಾ ದ್ವೀಪದ ಪಾಲ್ಮಾ.

ದೋಣಿಯ ಆಯ್ಕೆಯಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಮಕ್ಕಳಿದ್ದರೆ ಎರಡು ಒಡಲಿನ ಕ್ಯಾಟಮರಾನ್ ಒಳ್ಳೆಯದು, ವಾಲುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ವಾಲುವುದಿಲ್ಲ ನಿಜ. ಆದರೆ ಅದರ ಮುಂಭಾಗದ ಬಲೆಯ ಹಾಸು ಮಕ್ಕಳನ್ನು ಕರೆಯುತ್ತಲೇ ಇರುತ್ತದೆ, ಡೆಕ್ ಅಗಲವಾದ್ದರಿಂದ ಮಗು ಕೈಗೆ ಸಿಗದಷ್ಟು ದೂರ ಹೋಗುತ್ತದೆ. ಒಂದೇ ಒಡಲಿನ ದೋಣಿಯಲ್ಲಿ ಚುಕ್ಕಾಣಿಯ ಬಳಿ ಕೂರುವ ಜಾಗ ತಗ್ಗಾಗಿರುತ್ತದೆ, ನಾಲ್ಕು ವರ್ಷದ ಮಗುವಿನ ಭುಜ ಅಂಚಿಗಿಂತ ಕೆಳಗಿರುತ್ತದೆ. ನಾನು ಅದನ್ನೇ ಆರಿಸಿದೆ. ಸುತ್ತಲಿನ ಕಂಬಿಗಳಿಗೆ ಬಲೆ ಕಟ್ಟಿಸಿಕೊಡಲು ಒಪ್ಪಂದದಲ್ಲೇ ಬರೆಸಿ. ಮಲಗುವ ಹಲಗೆಯಿಂದ ಮಗು ಉರುಳದಂತೆ ಕಟ್ಟುವ ಬಟ್ಟೆಯ ತಡೆಯನ್ನೂ ಕೇಳಿ. ಕೋಣೆ ಮೂರಿರಲಿ: ಒಂದು ನಿಮಗೆ, ಒಂದು ಮಕ್ಕಳಿಗೆ, ಒಂದು ದೋಣಿ ನಡೆಸುವ ಸ್ಕಿಪ್ಪರ್‌ಗೆ. ಅಂತರರಾಷ್ಟ್ರೀಯ ಮಾನ್ಯತೆಯ ಹಾಯಿದೋಣಿ ಪ್ರಮಾಣಪತ್ರ ಇಲ್ಲದವರಿಗೆ ಸ್ಕಿಪ್ಪರ್ ಇಲ್ಲದೆ ದೋಣಿ ಸಿಗುವುದಿಲ್ಲ. ಪ್ರಮಾಣಪತ್ರ ಇದ್ದರೂ ಮಕ್ಕಳ ಜೊತೆಗಿನ ಮೊದಲ ವಾರಕ್ಕೆ ಸ್ಕಿಪ್ಪರ್ ಬೇಕು. ತಾಯಿ ತಂದೆಯರಲ್ಲಿ ಒಬ್ಬರ ಕಣ್ಣು ಸದಾ ಮಕ್ಕಳ ಮೇಲಿರಬೇಕು, ಹಾಯಿ ನೋಡುವವರಿಗೆ ಅದು ಆಗದು. ಸ್ಕಿಪ್ಪರ್ ದಿನಗೂಲಿ ಬೇರೆ, ಅವರ ಊಟ ನಿಮ್ಮದೇ. ನಮ್ಮ ದೋಣಿಗೆ ಸ್ಕಿಪ್ಪರ್ ಆಗಿ ಬಂದ ಹೆಣ್ಣುಮಗಳು ಬಂಗುಡೆ ಗಸಿಯನ್ನು ಎರಡನೆಯ ಸಲ ಬಡಿಸಿಕೊಂಡು ತಿಂದರು.

ಈಗ ಗಾಳಿ. ನಮ್ಮ ಅಳಿವೆಗಳಲ್ಲಿ ಭರತ, ಇಳಿತ ನೋಡದೆ ಯಾರೂ ದೋಣಿ ದಾಟಿಸುವುದಿಲ್ಲ. ಮೆಡಿಟರೇನಿಯನ್‌ನಲ್ಲಿ ಆ ಏರಿಳಿತ ಹೆಚ್ಚೆಂದರೆ ಒಂದು ಗೇಣು, ಆದ್ದರಿಂದ ಲೆಕ್ಕವೆಲ್ಲ ಗಾಳಿಯದೇ. ಪಾಲ್ಮಾ ಕೊಲ್ಲಿಯಲ್ಲಿ ಬಿಸಿಲೇರಿದ ಮೇಲೆ ಕಡಲಿನಿಂದ ನೆಲದತ್ತ ಬೀಸುವ ಗಾಳಿಗೆ ಎಂಬಾತ್ ಎನ್ನುತ್ತಾರೆ. ಕಾರಣ ಮಲ್ಪೆಯ ಮಧ್ಯಾಹ್ನದ ಗಾಳಿಯದೇ: ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಏರುತ್ತದೆ, ಕಡಲಿನ ತಂಪು ಗಾಳಿ ಆ ಜಾಗಕ್ಕೆ ನುಗ್ಗುತ್ತದೆ. ಹೊತ್ತು ಮುಳುಗುವಾಗ ಅಡಗುತ್ತದೆ. ಹಾಗಾಗಿ ಬೆಳಗ್ಗೆ ಹೊರಟು, ಕಡಲು ಮಟ್ಟಸವಾಗಿರುವಾಗಲೇ ದಾರಿಯ ಬಹುಪಾಲು ಮುಗಿಸಿ, ಎಂಬಾತ್ ಎದ್ದಾಗ ಒಂದು ಗಂಟೆ ಹಾಯಿ ಬಿಚ್ಚಿ ಓಡಿ, ಊಟದ ಹೊತ್ತಿಗೆ ಲಂಗರು ಹಾಕುವುದು ನಮ್ಮ ಕ್ರಮವಾಗಿತ್ತು. ಸ್ಪೇನಿನ ಹವಾಮಾನ ಸಂಸ್ಥೆ ಎಮೆಟ್‌ನ ಕರಾವಳಿ ಮುನ್ಸೂಚನೆಯನ್ನು ದಿನಕ್ಕೆರಡು ಸಲ ನೋಡಿ. ಗಾಳಿಯ ಬಲ ಹೇಳುವ ಬೋಫರ್ಟ್ ಅಳತೆಯಲ್ಲಿ ನಾಲ್ಕಕ್ಕಿಂತ, ಅಂದರೆ 16 ನಾಟ್‌ಗಿಂತ (ಗಂಟೆಗೆ 16 ನಾಟಿಕಲ್ ಮೈಲು) ಹೆಚ್ಚು ಗಾಳಿ ಎಂದಿದ್ದರೆ ಬಂದರಿನಲ್ಲೇ ಇರಿ. ಉತ್ತರದಿಂದ ಬೀಸುವ ತ್ರಮುಂತಾನಾ ಗಾಳಿಯ ಸೂಚನೆ ಇದ್ದರಂತೂ ದ್ವೀಪದ ವಾಯವ್ಯ ದಿಕ್ಕಿಗೆ ಮುಖ ಮಾಡಬೇಡಿ. ಅದೇ ಹೆಸರಿನ ಬೆಟ್ಟಸಾಲು ಅಲ್ಲಿ ನೇರ ಕಡಲಿಗೆ ಇಳಿಯುತ್ತದೆ, ನುಗ್ಗಿ ನಿಲ್ಲಲು ಸೋಯೆರ್ ಬಿಟ್ಟರೆ ಬೇರೆ ಒಳ್ಳೆಯ ಬಂದರಿಲ್ಲ.

ದಾರಿ ಹೀಗಿರಲಿ. ಪಾಲ್ಮಾದಿಂದ ಪಶ್ಚಿಮಕ್ಕೆ ಪೋರ್ತ್ ಆಂದ್ರಾಚ್ ಸುಮಾರು ಹದಿನೆಂಟು ಮೈಲು. ಅದನ್ನು ಎರಡು ದಿನಕ್ಕೆ ಹಂಚಿ, ನಡುವೆ ಒಂದು ಕಾಲಾದಲ್ಲಿ ರಾತ್ರಿ ಕಳೆಯಿರಿ. ಬಂಡೆಗಳ ನಡುವಿನ ಪುಟ್ಟ ಕೊಲ್ಲಿಗಳಿಗೆ ಅಲ್ಲಿ ಕಾಲಾ ಎನ್ನುತ್ತಾರೆ. ಆಂದ್ರಾಚ್‌ನಿಂದ ಒಂದು ಗಂಟೆಯ ದೂರದಲ್ಲಿ ಸಾ ದ್ರಾಗೊನೇರಾ ದ್ವೀಪವಿದೆ, 1995ರಿಂದ ನಿಸರ್ಗ ಉದ್ಯಾನ. ಜನವಸತಿ ಇಲ್ಲದ ಆ ದ್ವೀಪದ ತುಂಬ ಹಲ್ಲಿಗಳು. ಈ ಜಾತಿ ಮಯೋರ್ಕಾ ಸೇರಿರುವ ಬಾಲಿಯಾರಿಕ್ ದ್ವೀಪಸಮೂಹದಲ್ಲಿ ಮಾತ್ರ ಸಿಗುತ್ತದೆ. ಅವು ಮನುಷ್ಯರಿಗೆ ಹೆದರುವುದಿಲ್ಲ, ಚಪ್ಪಲಿಯ ಮೇಲೆ ಹತ್ತಿ ಕೂರುತ್ತವೆ. ನನ್ನ ಮಗ ಅಲುಗಾಡದೆ ಕೂತಿದ್ದನ್ನು ನಾನು ಕಂಡದ್ದು ಅಲ್ಲಿಯೇ. ದ್ವೀಪಕ್ಕೆ ಸಾಂತ್ ಎಲ್ಮ್ ಊರಿನಿಂದ ಸಣ್ಣ ದೋಣಿ ಹೋಗುತ್ತದೆ, ಅದನ್ನೇ ಹತ್ತುವುದು ಸುಲಭ. ಗಾಳಿ ಸೌಮ್ಯವಾಗಿದ್ದರೆ ಮಾತ್ರ ಮುಂದೆ ಸೋಯೆರ್‌ಗೆ ಹೋಗಿ. ವಾರದ ಅತಿ ಉದ್ದದ ಹಾದಿ ಅದು. ಬಂದರಿನಿಂದ ಊರಿಗೆ 1913ರಿಂದ ಓಡುತ್ತಿರುವ ಮರದ ಟ್ರಾಮ್ ಇದೆ, ಕಿತ್ತಳೆ ತೋಟಗಳ ನಡುವೆ ಸಾಗುತ್ತದೆ. ದೋಣಿ ಕದಲದ ದಿನವನ್ನು ಅಲ್ಲಿಗೆ ಇಟ್ಟುಕೊಳ್ಳಿ.

ಲಂಗರು ಹಾಕುವಾಗ ಮಕ್ಕಳಿಗೆ ನಿಜವಾದ ಕೆಲಸವಿದೆ. ತಿಳಿನೀರಿನ ತಳದಲ್ಲಿ ಕಪ್ಪಾಗಿ ಕಾಣುವುದು ಪೊಸಿಡೋನಿಯಾ ಎಂಬ ಕಡಲಹುಲ್ಲು. ಮೀನಿನ ಮರಿಗಳು ಬೆಳೆಯುವುದು ಅದರಲ್ಲಿ, ಮರಳನ್ನು ಹಿಡಿದಿಡುವುದೂ ಅದೇ. ಬಹಳ ನಿಧಾನವಾಗಿ ಬೆಳೆಯುವ ಅದನ್ನು ಲಂಗರಿನ ಸರಪಳಿ ಕಿತ್ತೆಸೆಯುತ್ತದೆ. 2018ರಿಂದ ಬಾಲಿಯಾರಿಕ್ ಸರ್ಕಾರ ಅದರ ಮೇಲೆ ಲಂಗರು ಹಾಕುವುದನ್ನು ನಿಷೇಧಿಸಿದೆ, ದಂಡವೂ ಉಂಟು. ಬಿಳಿ ಮರಳು ಎಲ್ಲಿದೆ ಎಂದು ಹುಡುಕಿ ಕೈ ತೋರಿಸುವ ಹೊಣೆ ಮಗಳದಾಗಿತ್ತು. ಮೀನು ಹಿಡಿಯುವ ಮನೆತನದ ಮಕ್ಕಳು ಇದನ್ನು ಕಲಿಯಲೇಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ದೋಣಿಯ ನಿಯಮಗಳು ಕಡಿಮೆ ಇರಲಿ, ಆದರೆ ಸಡಿಲವಾಗದಿರಲಿ. ಡೆಕ್ ಮೇಲೆ ಬಂದರೆ ಜಾಕೆಟ್, ನಿಂತ ದೋಣಿಯಲ್ಲೂ. ದೋಣಿ ಸಾಗುವಾಗ ಚಿಕ್ಕವರಿಗೆ ಸೊಂಟಪಟ್ಟಿಯ ಹಗ್ಗ. ಮೆಟ್ಟಿಲು ಇಳಿಯುವುದು ಏಣಿಗೆ ಮುಖ ಮಾಡಿಯೇ. ಯಾರಾದರೂ ನೀರಿಗೆ ಬಿದ್ದರೆ ಒಬ್ಬರು ಬೆರಳು ತೋರಿಸುತ್ತಲೇ ಇರಬೇಕು, ಕಣ್ಣು ಕೀಳಬಾರದು. ಹಳೆಯ ಟೋಪಿ ಎಸೆದು ಇದನ್ನು ಅಭ್ಯಾಸ ಮಾಡಿ, ಟೋಪಿಯನ್ನು ಮರಳಿ ಎತ್ತಿಕೊಳ್ಳಿ. ರೇಡಿಯೋದಲ್ಲಿ ಆಪತ್ತಿಗೆ 16ನೇ ಚಾನೆಲ್, ಮರೀನಾ ಕರೆಯಲು 9. ಫೋನ್ ಸಿಗ್ನಲ್ ಇದ್ದರೆ 112. ಏಳು ವರ್ಷದವರು ಇದನ್ನು ಬಾಯಿಪಾಠ ಮಾಡಬಲ್ಲರು.

ಹೊಟ್ಟೆ ತೊಳೆಸುವ ಮಗುವನ್ನು ಕೆಳಗಿನ ಕೋಣೆಗೆ ಕಳಿಸಬೇಡಿ, ಅಲ್ಲಿ ಇನ್ನೂ ಹೆಚ್ಚಾಗುತ್ತದೆ. ಗಾಳಿಗೆ ಮುಖ ಮಾಡಿ ಕೂರಿಸಿ, ದೂರದ ದಡ ನೋಡಿಸಿ, ಪುಸ್ತಕ, ಮೊಬೈಲ್ ಎತ್ತಿಡಿ. ಔಷಧಿಯನ್ನು ಮಕ್ಕಳ ವೈದ್ಯರಲ್ಲಿ ಕೇಳಿಯೇ ಕೊಂಡೊಯ್ಯಿರಿ.

ಅಡುಗೆಯಲ್ಲಿ ಒಂದು ಮಾತು ನಮ್ಮ ಕಡೆಯವರಿಗೇ ಹೇಳಬೇಕು: ಕುಚ್ಚಲಕ್ಕಿ ಬೇಡ. ಅದು ಬೇಯುವಷ್ಟರಲ್ಲಿ ದೋಣಿಯ ಪುಟ್ಟ ಗ್ಯಾಸ್ ಸಿಲಿಂಡರ್ ಬರಿದಾಗುತ್ತದೆ. ಬೆಳ್ತಿಗೆ ಅಕ್ಕಿ ಅಲ್ಲಿಯೇ ಸಿಗುತ್ತದೆ. ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ, ಮೀನಿನ ಮಸಾಲೆ ಪುಡಿ ಒಯ್ಯಿರಿ. ಐರೋಪ್ಯ ಒಕ್ಕೂಟದೊಳಗೆ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ, ಆದ್ದರಿಂದ ತುಪ್ಪ, ಪೇಡ ಬಿಟ್ಟುಬಿಡಿ. ಹಸಿ ಕರಿಬೇವೂ ಬೇಡ. ಪಾಲ್ಮಾದ ಒಲಿವಾರ್ ಮಾರುಕಟ್ಟೆಯ ಮೀನಿನ ಸಾಲಿನಲ್ಲಿ ಸಾರ್ದೀನಾ ಎಂದರೆ ನಮ್ಮ ಬೂತಾಯಿಯ ಬಳಗ, ಕಬಾಯಾ ಎಂದರೆ ಬಂಗುಡೆಯ ಬಳಗ. ಭಾನುವಾರ ಮಾರುಕಟ್ಟೆ ಮುಚ್ಚಿರುತ್ತದೆ, ಶನಿವಾರ ದೋಣಿ ಕೈಗೆ ಬರುವ ಮೊದಲೇ ಹೋಗಿ ಬನ್ನಿ. ಊರಿನ ಹೋಟೆಲುಗಳಲ್ಲಿ ರಾತ್ರಿಯೂಟ ಶುರುವಾಗುವುದು ಎಂಟೂವರೆ, ಒಂಬತ್ತಕ್ಕೆ. ಮಕ್ಕಳಿಗೆ ಏಳಕ್ಕೇ ದೋಣಿಯಲ್ಲಿ ಗಂಜಿ ಉಣಿಸಿ.

ಶೌಚಾಲಯ ಚಿಕ್ಕದು, ಕಾಗದ ಸಿಕ್ಕಿಕೊಂಡರೆ ಕೆಡುತ್ತದೆ. ಅಲ್ಲಿಯ ನಲ್ಲಿಯನ್ನು ಎಳೆದರೆ ಉದ್ದದ ಕೊಳವೆಯೊಂದಿಗೆ ಹೊರಬರುತ್ತದೆ, ತೊಳೆಯಲು ಅನುಕೂಲ. ಟ್ಯಾಂಕಿನ ಸಿಹಿನೀರನ್ನು ಮಾತ್ರ ಅಳೆದು ಬಳಸಿ, ಉಪ್ಪುನೀರಲ್ಲಿ ಮಿಂದ ಮಕ್ಕಳಿಗೆ ಒಂದೊಂದು ಚೊಂಬು ಸಾಕು.

ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರ. ಆದರೆ ಶುಕ್ರವಾರ ಸಂಜೆಯೇ ದೋಣಿ ಪಾಲ್ಮಾಕ್ಕೆ ಬಂದಿರಬೇಕು, ಡೀಸೆಲ್ ತುಂಬಿಸಿ ಕೊಡಬೇಕು. ಇಂಧನದ ಕಟ್ಟೆಯಲ್ಲಿ ಆ ಸಂಜೆ ದೊಡ್ಡ ಸಾಲು ಇರುತ್ತದೆ, ಮಧ್ಯಾಹ್ನ ಮೂರರೊಳಗೆ ತಲುಪಿ. ಶನಿವಾರ ಬೆಳಗ್ಗೆ ಪರಿಶೀಲನೆ ಮುಗಿದು ಮುಂಗಡ ಹಣ ಮರಳುವವರೆಗೆ ಒಬ್ಬರು ದೋಣಿಯಲ್ಲಿರಿ, ಇನ್ನೊಬ್ಬರು ಮಕ್ಕಳನ್ನು ಕರೆದುಕೊಂಡು ಹೋಟೆಲಿಗೆ ಹೋಗಿ. ವಿಮಾನದ ಟಿಕೆಟ್ ಭಾನುವಾರಕ್ಕೆ ಮಾಡಿಸಿ.