ಹೈಟಿಯ ಅಜ್ಜಿಯರ ಕಥೆಗಳನ್ನು ದಾಖಲಿಸಿದ ಬಗೆ

ಹೈಟಿಯಿಂದ ವಲಸೆ ಬಂದವರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ನ್ಯೂಯಾರ್ಕಿನ ಫ್ಲಾಟ್‌ಬುಷ್ ಪ್ರದೇಶದಲ್ಲಿ, ಕೆಲವು ಮನೆಗಳ ಹೆಂಗಸರು ತಮ್ಮ ತಾಯಿ, ಅಜ್ಜಿ, ಮುತ್ತಜ್ಜಿಯರ ಬಗ್ಗೆ ಹೇಳುವ ಕಥೆಗಳನ್ನು ಧ್ವನಿಮುದ್ರಿಸಿ ಬರಹಕ್ಕಿಳಿಸುವ ಕೆಲಸವನ್ನು ನಾನು ಕೆಲಕಾಲ ಮಾಡಿದೆ. ಅವರಾಡುವ ಕ್ರಿಯೋಲ್ ನನಗೆ ಅರೆಬರೆಯಾಗಿ ಮಾತ್ರ ತಿಳಿಯುವುದರಿಂದ ಅದೇ ಸಮುದಾಯದ ಗೆಳತಿಯೊಬ್ಬರು ಯಾವಾಗಲೂ ಜೊತೆಗಿರುತ್ತಿದ್ದರು. ಯಾರನ್ನು ಏನು ಕೇಳಬಾರದು ಎಂಬುದನ್ನು ನಾನು ಕಲಿತದ್ದು ಅವರಿಂದಲೇ.

ಕಷ್ಟದ ಬಗ್ಗೆ ನೇರವಾಗಿ ಕೇಳುವುದು ಬೇಡವೆಂದು ನಾವು ಮೊದಲೇ ನಿಶ್ಚಯಿಸಿಕೊಂಡಿದ್ದೆವು. ‘ದುವಾಲಿಯೇ ಕಾಲದಲ್ಲಿ ನಿಮ್ಮ ಮನೆಯವರು ಏನೇನು ಅನುಭವಿಸಿದರು?’ ಎಂದು ಕೇಳಿದರೆ ಬರುವುದು ಇತಿಹಾಸದ ಪಾಠ: 1957ರಲ್ಲಿ ಸರ್ವಾಧಿಕಾರಿ ಫ್ರಾನ್ಸ್ವಾ ದುವಾಲಿಯೇ ಅಧಿಕಾರಕ್ಕೆ ಬಂದದ್ದು, 1971ರಲ್ಲಿ ಅವನು ಸತ್ತ ಮೇಲೆ ಮಗ ಪಟ್ಟವೇರಿ 1986ರಲ್ಲಿ ದೇಶ ಬಿಟ್ಟು ಓಡಿದ್ದು. ಅದರ ಬದಲು, ಅಜ್ಜಿ ಸಂತೆಯಲ್ಲಿ ಏನು ಮಾರುತ್ತಿದ್ದರು, ಸರಕನ್ನು ಎಲ್ಲಿಂದ ತರುತ್ತಿದ್ದರು, ಹಣವನ್ನು ಎಲ್ಲಿ ಬಚ್ಚಿಡುತ್ತಿದ್ದರು ಎಂದು ಕೇಳುತ್ತಿದ್ದೆವು. ಹಳ್ಳಿಯ ಬೆಳೆಯನ್ನು ಕೊಂಡು ಪಟ್ಟಣಕ್ಕೆ ಸಾಗಿಸಿ ಮಾರುವ ವ್ಯಾಪಾರ ಹೈಟಿಯಲ್ಲಿ ಬಹುಮಟ್ಟಿಗೆ ‘ಮದಾಂ ಸಾರಾ’ ಎನ್ನಿಸಿಕೊಳ್ಳುವ ಹೆಂಗಸರ ಕೈಯಲ್ಲಿದೆ. ಆದ್ದರಿಂದ ಈ ಪ್ರಶ್ನೆಗೆ ಉತ್ತರವಿಲ್ಲದ ಮನೆ ಅಪರೂಪ. ಒಬ್ಬರ ಅಜ್ಜಿ ಹುರುಳಿಕಾಯಿಯ ಕಾಳು ಮತ್ತು ಬಾಳೆಕಾಯಿಯ ಮೂಟೆಗಳ ಮೇಲೆ ಕುಳಿತು ರಾತ್ರಿ ಲಾರಿಯಲ್ಲಿ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ಗೆ ಹೋಗುತ್ತಿದ್ದರು. ದುವಾಲಿಯೇಯ ಖಾಸಗಿ ಪಡೆಯಾದ ತೊಂತೊಂ ಮಕೂತರು ಆಕೆಯ ಗಂಡನನ್ನು ಹಿಡಿದೊಯ್ದ ವಾರವೂ ಆಕೆ ಸಂತೆ ತಪ್ಪಿಸಲಿಲ್ಲ, ಶೋಕದ ಕಪ್ಪು ಬಟ್ಟೆ ಉಡಲಿಲ್ಲ. ಏಕೆಂದರೆ ಮನೆಯೊಳಗೆ ಕುಳಿತು ಅತ್ತರೆ ಅದನ್ನು ಸರ್ಕಾರದ ಮೇಲಿನ ದೂರೆಂದು ನೆರೆಯವರಲ್ಲಿ ಯಾರಾದರೂ ಸುದ್ದಿ ಮುಟ್ಟಿಸುವ ಭಯವಿತ್ತು. ಲಾರಿಯ ಬಾಡಿಗೆಯ ಲೆಕ್ಕ ಹೇಳುತ್ತ ಹೇಳುತ್ತಲೇ ಮೊಮ್ಮಗಳು ಈ ಮಾತಿಗೆ ಬಂದು ಮುಟ್ಟಿದರು.

ಎದುರುಬದುರು ಕುರ್ಚಿ ಹಾಕಿ ಕುಳಿತರೆ ಮಾತು ಬಿಗಿಯಾಗುತ್ತದೆ. ಅಡುಗೆಮನೆಯಲ್ಲಿ, ಅದರಲ್ಲೂ ಜನವರಿ 1ರ ಹಿಂದಿನ ರಾತ್ರಿ, ಸೂಪ್ ಜುಮುಗಾಗಿ ಕುಂಬಳಕಾಯಿ ಹೆಚ್ಚುವಾಗ ಮೂರು ತಲೆಮಾರಿನವರು ಒಂದೆಡೆ ಇರುತ್ತಾರೆ. ಫ್ರೆಂಚ್ ಒಡೆಯರಿಗಾಗಿ ಗುಲಾಮರು ಬೇಯಿಸುತ್ತಿದ್ದ, ಆದರೆ ಅವರಿಗೆ ಉಣ್ಣಲು ಸಿಗದಿದ್ದ ಈ ಸಾರನ್ನು 1804ರಲ್ಲಿ ಸ್ವಾತಂತ್ರ್ಯ ಬಂದ ದಿನದ ನೆನಪಿಗೆ ಪ್ರತಿ ಹೊಸವರ್ಷ ಉಣ್ಣುತ್ತಾರೆ. 2021ರಲ್ಲಿ ಯುನೆಸ್ಕೊ ಇದನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಧ್ವನಿಮುದ್ರಣದಲ್ಲಿ ಚಾಕುವಿನ ಸದ್ದು, ಮಕ್ಕಳ ಗಲಾಟೆ ಎಲ್ಲವೂ ಇವೆ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ತಿದ್ದುವುದು ಅಲ್ಲಿ ಮಾತ್ರ ಸಾಧ್ಯವಾಗುತ್ತಿತ್ತು.

ಇಸವಿಗಳನ್ನು ಗುರುತಿಸುವುದು ಬೇರೆಯೇ ಕೆಲಸ. ‘ಯಾವ ವರ್ಷ?’ ಎಂದು ಕೇಳುವುದನ್ನು ಬಿಟ್ಟು, 1954ರ ಹೇಝಲ್ ಚಂಡಮಾರುತಕ್ಕೆ ಮುಂಚೆಯೋ, 1963ರ ಫ್ಲೋರಾ ಆದ ಮೇಲೋ ಎಂದು ಕೇಳಿದೆವು. ಇವೆರಡಕ್ಕಿಂತ ಹೆಚ್ಚು ನೆರವಾದದ್ದು ಹಂದಿಗಳು. 1980ರ ದಶಕದ ಆರಂಭದಲ್ಲಿ ಹಂದಿಜ್ವರ ತಡೆಯುವ ಹೆಸರಿನಲ್ಲಿ ಅಮೆರಿಕದ ಒತ್ತಾಯದ ಮೇರೆಗೆ ಹೈಟಿಯ ನಾಟಿ ಕಪ್ಪು ಹಂದಿಗಳನ್ನೆಲ್ಲ ಕೊಲ್ಲಲಾಯಿತು. ರೈತ ಹೆಂಗಸರಿಗೆ ಹಂದಿಯೇ ಬ್ಯಾಂಕು: ಶಾಲೆಯ ಶುಲ್ಕ, ಮದುವೆ, ಶವಸಂಸ್ಕಾರ ಎಲ್ಲಕ್ಕೂ ಅದನ್ನೇ ಮಾರುತ್ತಿದ್ದರು. ಜೈಲು, ಹೊಡೆತಗಳ ಬಗ್ಗೆ ಮೌನವಾಗಿದ್ದವರು ಹಂದಿಗಳ ಬಗ್ಗೆ ಕೇಳಿದಾಗ ಕೆರಳಿ ಮಾತನಾಡಿದ್ದನ್ನು ಕಂಡಿದ್ದೇನೆ.

ಕಥೆಗಳು ಒಂದಕ್ಕೊಂದು ಹೊಂದದಿದ್ದಾಗ ಎರಡನ್ನೂ ಉಳಿಸಿದೆ. 1937ರ ಅಕ್ಟೋಬರ್‌ನಲ್ಲಿ ನೆರೆಯ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ತ್ರುಹಿಯೊನ ಆಜ್ಞೆಯಂತೆ ಗಡಿ ಸೀಮೆಯಲ್ಲಿ ಸಾವಿರಾರು ಹೈಟಿಯನ್ನರನ್ನು ಕೊಂದಾಗ ತಪ್ಪಿಸಿಕೊಂಡು ಬಂದ ಮುತ್ತಜ್ಜಿಯೊಬ್ಬರ ಬಗ್ಗೆ ಇಬ್ಬರು ಅಕ್ಕತಂಗಿಯರು ಹೇಳಿದ್ದು ಬೇರೆ ಬೇರೆ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆ ದಾಟಿದರೆಂದು ಅಕ್ಕ ಹೇಳಿದರೆ, ಕೂಸನ್ನು ಡೊಮಿನಿಕನ್ ನೆರೆಮನೆಯಾಕೆ ಅಡಗಿಸಿಟ್ಟು ಆಮೇಲೆ ತಲುಪಿಸಿದರೆಂದು ತಂಗಿ ಹೇಳಿದರು. ಅಕ್ಕನ ಕಥೆಯಲ್ಲಿ ಮುತ್ತಜ್ಜಿ ಒಬ್ಬಂಟಿ ವೀರಳು. ತಂಗಿಯ ಕಥೆಯಲ್ಲಿ ಇನ್ನೊಬ್ಬ ಹೆಂಗಸಿನ ಋಣವೂ ಇದೆ. ಎರಡರಲ್ಲಿ ಒಂದನ್ನು ಆರಿಸಲು ನನಗೆ ಯಾವ ಹಕ್ಕೂ ಇರಲಿಲ್ಲ.

‘ಹೈಟಿಯ ಹೆಣ್ಣು ಗಟ್ಟಿಗಿತ್ತಿ’ ಎಂಬ ಹೊಗಳಿಕೆಯ ಬಗ್ಗೆ ನನಗೆ ತಕರಾರಿದೆ. ಹಾಗೆ ಹೊಗಳುವವರು ಹೊಡೆದವರ ಹೆಸರು ಹೇಳುವುದನ್ನು ಸಾಮಾನ್ಯವಾಗಿ ಮರೆಯುತ್ತಾರೆ. 1958ರ ಜನವರಿಯಲ್ಲಿ ದುವಾಲಿಯೇಯನ್ನು ಟೀಕಿಸುತ್ತಿದ್ದ ಪತ್ರಕರ್ತೆ ಇವೋನ್ ಹಾಕಿಂ-ರಿಂಪೆಲ್ ಅವರನ್ನು ಮನೆಯಿಂದ ಎಳೆದೊಯ್ದು, ಸಾಯುವಂತೆ ಹೊಡೆದು ಬಿಸಾಡಿದರು. ಅವರು ಬದುಕಿದರು, ಅವರ ಪತ್ರಿಕೆ ಉಳಿಯಲಿಲ್ಲ. ನಾನು ಮಾತನಾಡಿಸಿದ ಕುಟುಂಬಗಳಲ್ಲೂ ಅಂಥ ಮೌನಗಳಿದ್ದವು. ಅವನ್ನು ಬಿಡಿಸಿ ಹೇಳಿಸದೆ, ‘ಇಲ್ಲಿ ಮಾತು ನಿಲ್ಲಿಸಿದರು’ ಎಂದಷ್ಟೇ ಬರೆದುಕೊಂಡೆ.

ಬರಹಕ್ಕಿಳಿಸಿದ ಮೇಲೆ ಹೆಸರು, ಹಳ್ಳಿ ಎರಡನ್ನೂ ಬದಲಿಸಿ, ಪ್ರತಿಯನ್ನು ಮೊದಲು ಮನೆಯವರ ಮುಂದೆ ಓದುತ್ತಿದ್ದೆವು. ಹಾಗೆ ಓದುವಾಗ ಆ ಮದಾಂ ಸಾರಾಳ ಮೊಮ್ಮಗಳು, ಅಜ್ಜನ ಬಗ್ಗೆ ಮಕೂತರಿಗೆ ಸುದ್ದಿ ಕೊಟ್ಟವನ ಪ್ರಸ್ತಾಪವಿದ್ದ ಪುಟವನ್ನು ತೆಗೆಯಲು ಹೇಳಿದರು: ಅವನ ಮೊಮ್ಮಕ್ಕಳು ಇದೇ ಬೀದಿಯಲ್ಲಿದ್ದಾರೆ, ಭಾನುವಾರ ಇದೇ ಚರ್ಚಿಗೆ ಬರುತ್ತಾರೆ. ಮನೆಯವರ ಪ್ರತಿಯಲ್ಲಿ ಆ ಪುಟವಿದೆ, ಹೊರಗೆ ಕೊಟ್ಟ ಪ್ರತಿಯಲ್ಲಿಲ್ಲ.